ಓದು ಕನ್ನಡದಲ್ಲಿ, ಮಾತು ತೆಲುಗಿನಲ್ಲಿ

ಆನ್‌ಲೈನ್ ಓದುಗರ ಕೂಟವೆಂದರೆ ಬೇರೆ ಬೇರೆ ಊರುಗಳಲ್ಲಿರುವ ಕೆಲವರು ಒಂದೇ ಪುಸ್ತಕವನ್ನು ಒಂದೇ ತಿಂಗಳಲ್ಲಿ ಓದಿ, ಗೊತ್ತು ಮಾಡಿಕೊಂಡ ದಿನ ಫೋನಿನಲ್ಲೇ ಸೇರಿ ಅದರ ಬಗ್ಗೆ ಮಾತಾಡುವ ಏರ್ಪಾಡು. ಒಂದು ವಾಟ್ಸ್‌ಆ್ಯಪ್ ಗುಂಪು, ತಿಂಗಳಿಗೊಂದು ಗೂಗಲ್ ಮೀಟ್ ಅಥವಾ ಜೂಮ್ ಸಭೆ, ಎಲ್ಲರನ್ನೂ ನೆನಪಿಸಿ ಸೇರಿಸುವ ಒಬ್ಬ ಉತ್ಸಾಹಿ ಇದ್ದರೆ ಕೂಟ ನಡೆಯುತ್ತದೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಓದುಗರು ಇಂಥ ಕೂಟ ಸೇರುವಾಗ ತಮ್ಮ ಜೊತೆ ಒಂದು ವಿಶೇಷವನ್ನೂ ತರುತ್ತಾರೆ. ಅವರಲ್ಲಿ ಬಹಳ ಮಂದಿಗೆ ಓದುವ ಭಾಷೆ ಒಂದು, ಮನೆಯಲ್ಲಿ ಆಡುವ ಭಾಷೆ ಇನ್ನೊಂದು.

ಮುಳಬಾಗಿಲು ದಾಟಿ ನಂಗಲಿ ಮುಗಿದರೆ ಆಂಧ್ರ. ಶ್ರೀನಿವಾಸಪುರದ ರಾಯಲ್ಪಾಡು ಕಡೆಯ ಹಳ್ಳಿಗಳವರಿಗೆ ಮದನಪಲ್ಲಿ ಹತ್ತಿರದ ದೊಡ್ಡ ಪೇಟೆ. ಈ ಎರಡು ತಾಲ್ಲೂಕುಗಳಲ್ಲಿ ಹೊಲ, ಜಗಲಿ, ಮದುವೆಮನೆಯ ಮಾತು ಹೆಚ್ಚಾಗಿ ತೆಲುಗು. ಮಾಲೂರಿನಲ್ಲಿ ತೆಲುಗಿನ ಜೊತೆ ಹೊಸೂರು ಕಡೆಯ ತಮಿಳೂ ಕಿವಿಗೆ ಬೀಳುತ್ತದೆ. ಕೋಲಾರ ಪಟ್ಟಣದಲ್ಲಿ ಉರ್ದು ಮನೆಮಾತಾಗಿರುವ ಕುಟುಂಬಗಳು ಬಹಳ. ಇಷ್ಟಾದರೂ ಈ ಮನೆಗಳ ಮಕ್ಕಳಲ್ಲಿ ಹೆಚ್ಚಿನವರು ತಲೆಮಾರುಗಳಿಂದ ಅಕ್ಷರ ತಿದ್ದಿದ್ದು ಕನ್ನಡದಲ್ಲಿ. ಪತ್ರಿಕೆ, ಪಹಣಿ, ಬಸ್ಸಿನ ಬೋರ್ಡು, ಕಥೆ, ಕಾದಂಬರಿ ಎಲ್ಲವೂ ಕಣ್ಣಿಗೆ ಕನ್ನಡ. ತೆಲುಗು ಚೆನ್ನಾಗಿ ಬಲ್ಲ ಮನುಷ್ಯನೇ ತೆಲುಗು ಪುಸ್ತಕ ಕೈಗೆ ಕೊಟ್ಟರೆ ಮೊದಲ ಪುಟದಲ್ಲಿ ತಡವರಿಸುತ್ತಾನೆ.

ಈ ಸೀಮೆಯಲ್ಲಿ ಒಟ್ಟಿಗೆ ಕೂತು ಪುಸ್ತಕ ಕೇಳುವುದು ಹೊಸದಲ್ಲ. 2007ರವರೆಗೆ ಕೋಲಾರ ಜಿಲ್ಲೆಗೇ ಸೇರಿದ್ದ ಚಿಂತಾಮಣಿ ತಾಲ್ಲೂಕಿನ ಕೈವಾರದ ನಾರೇಯಣ ತಾತಯ್ಯನವರ ತೆಲುಗು ಕೀರ್ತನೆಗಳು ಕನ್ನಡ ಲಿಪಿಯಲ್ಲಿ ಅಚ್ಚಾಗಿ ಭಜನೆಮನೆಗಳನ್ನು ಸೇರಿವೆ. ಪುಸ್ತಕ ಹಿಡಿದವರು ಕನ್ನಡ ಅಕ್ಷರ ನೋಡುತ್ತಾ ತೆಲುಗಿನಲ್ಲಿ ಹಾಡುತ್ತಾರೆ, ಸುತ್ತ ಕೂತವರು ದನಿಗೂಡಿಸುತ್ತಾರೆ, ಅರ್ಥ ಹೇಳುವವರು ಎರಡೂ ಭಾಷೆಯಲ್ಲಿ ಹೇಳುತ್ತಾರೆ. ಒಬ್ಬರ ಓದು ಹತ್ತು ಜನರ ಮಾತಾಗುವ ಈ ಪದ್ಧತಿಯೇ ಇಂದಿನ ಆನ್‌ಲೈನ್ ಕೂಟಕ್ಕೆ ಇಲ್ಲಿರುವ ನಿಜವಾದ ಪೂರ್ವಿಕ. ಪಾಶ್ಚಾತ್ಯ ದೇಶಗಳ ಓದುಗರ ಕ್ಲಬ್ಬುಗಳಿಂದ ಇದನ್ನು ಎರವಲು ತರಬೇಕಾಗಿಲ್ಲ.

ಮನೆಮಾತು ಬೇರೆ, ಬರಹದ ಭಾಷೆ ಕನ್ನಡ ಎನ್ನುವಂಥವರು ಇಲ್ಲಿನ ಲೇಖಕರಲ್ಲೂ ಇದ್ದರು. ಮಾಸ್ತಿ ವೆಂಕಟೇಶ ಅಯ್ಯಂಗಾರ್ 1891ರಲ್ಲಿ ಹುಟ್ಟಿದ್ದು ಮಾಲೂರು ತಾಲ್ಲೂಕಿನ ಹೊಂಗೇನಹಳ್ಳಿಯಲ್ಲಿ. ಮನೆಮಾತು ತಮಿಳು. ಕನ್ನಡದ ಸಣ್ಣಕಥೆಗೆ ಹದ ಕೊಟ್ಟವರು, ‘ಚಿಕವೀರ ರಾಜೇಂದ್ರ’ ಕಾದಂಬರಿಗೆ 1983ರ ಜ್ಞಾನಪೀಠ ಪಡೆದವರು ಅವರೇ. ಮುಳಬಾಗಿಲಿನಲ್ಲಿ 1887ರಲ್ಲಿ ಹುಟ್ಟಿದ ಡಿ.ವಿ. ಗುಂಡಪ್ಪನವರು 1945ರಲ್ಲಿ ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಕಟ್ಟಿ, ಅಲ್ಲಿ ಅಧ್ಯಯನ ಗೋಷ್ಠಿ ನಡೆಸಿದರು. ಒಂದು ಗ್ರಂಥವನ್ನು ಹಿಡಿದು ವಾರ ವಾರ ಕೂತು ಓದಿ, ಕೇಳಿ, ಪ್ರಶ್ನಿಸುವ ಗೋಷ್ಠಿ ಅದು. ಕೂಟ ಕಟ್ಟಲು ಹೊರಟವರು ಡಿವಿಜಿಯವರ ಈ ಕೆಲಸವನ್ನು ನೆನೆಯುವುದು ಒಳ್ಳೆಯದು. ಅವರ ‘ಮಂಕುತಿಮ್ಮನ ಕಗ್ಗ’ದ ಕೀರ್ತಿಯ ಮುಂದೆ ಅದು ಮರೆತುಹೋಗಿದೆ.

ಕಗ್ಗ ಮಾತ್ರ ಆನ್‌ಲೈನ್ ಓದಿಗೆ ಹೇಳಿ ಮಾಡಿಸಿದ ಹಾಗಿದೆ. 1943ರಲ್ಲಿ ಪ್ರಕಟವಾದ ‘ಮಂಕುತಿಮ್ಮನ ಕಗ್ಗ’ದಲ್ಲಿ 945 ಪದ್ಯಗಳಿವೆ. ಒಂದೊಂದೂ ನಾಲ್ಕೇ ಸಾಲು. ಬೆಳಗ್ಗೆ ಒಂದು ಪದ್ಯ, ಕೆಳಗೆ ಅದರ ವಿವರಣೆ, ಸಂಜೆಯವರೆಗೆ ಅದರ ಮೇಲೆ ಚರ್ಚೆ ಎಂಬ ಕ್ರಮದಲ್ಲಿ ನಡೆಯುವ ವಾಟ್ಸ್‌ಆ್ಯಪ್ ಗುಂಪುಗಳು ಕನ್ನಡಿಗರಿರುವ ಕಡೆಯೆಲ್ಲ ಇವೆ. ರವಿ ತಿರುಮಲೈ ಅವರ ‘ಕಗ್ಗ ರಸಧಾರೆ’ ಫೇಸ್‌ಬುಕ್‌ನಲ್ಲಿ ದಿನದಿನದ ವಿವರಣೆಯಾಗಿ ಶುರುವಾಗಿ ಆಮೇಲೆ ಪುಸ್ತಕವಾಯಿತು.

ಕಾದಂಬರಿ, ಕಥೆಗಳನ್ನು ಓದುವ ಕೂಟಗಳು ಬೆಳೆದದ್ದು 2020ರ ಲಾಕ್‌ಡೌನ್ ನಂತರ. ಅದೇ ವರ್ಷ ರಾಜ್ಯದ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯ ಬಂತು, ಕನ್ನಡದ ಇ-ಪುಸ್ತಕ ಮತ್ತು ಆಡಿಯೊ ಪುಸ್ತಕಗಳ ‘ಮೈಲ್ಯಾಂಗ್’ ಆ್ಯಪ್ ಶುರುವಾಯಿತು. 2021ರ ಮೇ ತಿಂಗಳಲ್ಲಿ ಕ್ಲಬ್‌ಹೌಸ್ ಆ್ಯಂಡ್ರಾಯ್ಡ್ ಫೋನುಗಳಿಗೆ ಬಂದಾಗ ರಾತ್ರಿಯಿಡೀ ನಡೆಯುವ ಕನ್ನಡ ಸಾಹಿತ್ಯದ ಹರಟೆಗಳು ಅಲ್ಲಿ ತುಂಬಿದವು. ಆ ಭರಾಟೆ ವರ್ಷದೊಳಗೆ ಇಳಿಯಿತು. ಆದರೆ ಮುಖ ಕಾಣದ ಅಪರಿಚಿತರ ಎದುರು ಒಂದು ಕಥೆಯ ಬಗ್ಗೆ ಬಾಯಿಬಿಟ್ಟು ಮಾತಾಡಬಹುದು ಎಂಬ ಧೈರ್ಯ ಅಲ್ಲಿಂದ ಬಂದದ್ದು ಉಳಿಯಿತು. ಗಡಿ ತಾಲ್ಲೂಕಿನ ಓದುಗರಿಗೆ ಈ ಧೈರ್ಯ ದೊಡ್ಡ ಸಂಗತಿ. ಹಳ್ಳಿಯಲ್ಲಿ ಕಾದಂಬರಿ ಓದುವವರು ಒಬ್ಬಿಬ್ಬರೇ ಇರುತ್ತಾರೆ: ಒಬ್ಬ ಮೇಷ್ಟ್ರು, ಓದು ನಿಲ್ಲಿಸಿ ಮದುವೆಯಾಗಿ ಬಂದ ಸೊಸೆ, ಡೇರಿಯ ಕಾರ್ಯದರ್ಶಿ, ಕಾಲೇಜಿಗೆ ಹೋಗುವ ಹುಡುಗ. ಓದಿದ್ದನ್ನು ಹೇಳಿಕೊಳ್ಳಲು ಜೊತೆಯಿಲ್ಲದೆ ವರ್ಷಗಟ್ಟಲೆ ಓದಿದವರು ಇವರು. ತಮ್ಮಂಥವರು ಪಕ್ಕದ ಹೋಬಳಿಯಲ್ಲೂ ಇದ್ದಾರೆಂದು ಅನೇಕರಿಗೆ ಗೊತ್ತಾಗಿದ್ದು ಫೋನಿನಿಂದಲೇ.

ಕೂಟಕ್ಕೆ ಸೇರುವ ದಾರಿ ಸರಳ. ಗುಂಪಿನ ಲಿಂಕ್ ಸಾಮಾನ್ಯವಾಗಿ ಪರಿಚಿತ ಓದುಗರಿಂದಲೋ, ಪುಸ್ತಕದಂಗಡಿಯವರಿಂದಲೋ, ಫೇಸ್‌ಬುಕ್‌ನ ಸಾಹಿತ್ಯದ ಪುಟಗಳಿಂದಲೋ ಸಿಗುತ್ತದೆ. ಸೇರಿದವರು ಊರು, ಕೆಲಸ, ಮೆಚ್ಚಿನ ಲೇಖಕರ ಹೆಸರು ಬರೆದು ಪರಿಚಯ ಮಾಡಿಕೊಳ್ಳುತ್ತಾರೆ. ಮೊದಲೊಂದು ತಿಂಗಳು ಸುಮ್ಮನೆ ಕೇಳಿಸಿಕೊಂಡರೂ ಯಾರೂ ತಪ್ಪು ತಿಳಿಯುವುದಿಲ್ಲ. ವಯಸ್ಸಿನಲ್ಲಿ ದೊಡ್ಡವರನ್ನು ಅಣ್ಣ, ಅಕ್ಕ, ಸಾರ್, ಮೇಡಂ ಎನ್ನುವುದು ಇಲ್ಲೂ ನಡೆಯುತ್ತದೆ. ಹತ್ತಿಪ್ಪತ್ತು ಮಂದಿಯ ಕೂಟ ನೂರಾರು ಮಂದಿಯ ಗುಂಪಿಗಿಂತ ಎಷ್ಟೋ ಮೇಲು. ವಾಟ್ಸ್‌ಆ್ಯಪ್ ಒಂದು ಗುಂಪಿನಲ್ಲಿ 1024 ಮಂದಿಗೆ ಜಾಗ ಕೊಡುತ್ತದೆ ನಿಜ. ಅಷ್ಟು ಜನ ಸೇರಿದ ಕಡೆ ಪುಸ್ತಕಕ್ಕಿಂತ ಶುಭೋದಯದ ಚಿತ್ರಗಳೇ ಹೆಚ್ಚು.

ಮಾತಿನ ಭಾಷೆಯ ಪ್ರಶ್ನೆ ಎದುರಾಗುವುದು ಮೊದಲ ಸಭೆಯಲ್ಲೇ. ಬರಹದಲ್ಲಿ ಈ ಓದುಗರಿಗೆ ಅಳುಕಿಲ್ಲ. ಫೋನಿನ ಕೀಲಿಮಣೆಯಲ್ಲಿ ಕನ್ನಡ ಟೈಪು ಮಾಡಿ ಅರ್ಧ ಪುಟದ ಅಭಿಪ್ರಾಯವನ್ನು ಅಚ್ಚುಕಟ್ಟಾಗಿ ಬರೆಯುತ್ತಾರೆ. ಮೈಕ್ ಆನ್ ಮಾಡಿದ ಕೂಡಲೇ ಅವರೇ ತಡವರಿಸುತ್ತಾರೆ. ಮನಸ್ಸಿಗೆ ತಟ್ಟಿದ್ದು ತೆಲುಗಿನಲ್ಲಿ ಬಾಯಿಗೆ ಬರುತ್ತದೆ. ಅದನ್ನು ನುಂಗಿ, ಪುಸ್ತಕದ ಕನ್ನಡ ಹುಡುಕಿ, ಎರಡು ವಾಕ್ಯ ಹೇಳಿ, ‘ಅಷ್ಟೇ ಸಾರ್’ ಎಂದು ಮುಗಿಸಿಬಿಡುತ್ತಾರೆ. ಮುಳಬಾಗಿಲಿನ ಓದುಗರು ‘ಕಥ ಶಾನಾ ಬಾಗುಂದಿ’ (ಕಥೆ ತುಂಬ ಚೆನ್ನಾಗಿದೆ) ಎಂದು ಶುರುಮಾಡಿ, ಕಾರಣವನ್ನು ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಹೇಳಲು ಬಿಟ್ಟ ಕೂಟದಲ್ಲಿ ಅದೇ ಜನ ಹತ್ತು ನಿಮಿಷ ಬಿಡದೆ ಮಾತಾಡುತ್ತಾರೆ. ಶುದ್ಧ ಕನ್ನಡದಲ್ಲೇ ಮಾತಾಡಬೇಕೆಂಬ ನಿಯಮ ಹಾಕಿದ ಕೂಟ ಕನ್ನಡವನ್ನು ಉಳಿಸುವುದಿಲ್ಲ, ಕನ್ನಡದ ಓದುಗರನ್ನು ಕಳೆದುಕೊಳ್ಳುತ್ತದೆ. ಓದುವ ಪುಸ್ತಕ ಕನ್ನಡದ್ದಾಗಿದ್ದರೆ ಸಾಕು, ಮಾತು ಯಾವ ಭಾಷೆಯಲ್ಲಿ ಹರಿದರೂ ಮತ್ತೆ ಆ ಪುಸ್ತಕಕ್ಕೇ ಬಂದು ಸೇರುತ್ತದೆ. ಧಾರವಾಡ ಅಥವಾ ಮಂಗಳೂರಿನ ಸದಸ್ಯರಿದ್ದಾಗ ಮಾತ್ರ ತೆಲುಗಿನಲ್ಲಿ ಹೇಳಿದ್ದರ ಸಾರವನ್ನು ಯಾರಾದರೂ ಕನ್ನಡದಲ್ಲಿ ಹೇಳಬೇಕು. ಎರಡೂ ಬಲ್ಲವರು ತುಂಬಿರುವ ಈ ಜಿಲ್ಲೆಯಲ್ಲಿ ಅದಕ್ಕೆ ಜನ ಹುಡುಕಬೇಕಾಗಿಲ್ಲ.

ಯಾವ ಪುಸ್ತಕ ಎಂಬುದನ್ನು ಯೋಚಿಸಿ ಆರಿಸಬೇಕು. ಮೊದಲ ತಿಂಗಳೇ ಭೈರಪ್ಪನವರ ‘ಪರ್ವ’ದಂಥ ದಪ್ಪ ಕಾದಂಬರಿ ಹಿಡಿದರೆ ಎರಡನೇ ಸಭೆಗೆ ಬರುವವರು ಕಡಿಮೆಯಾಗುತ್ತಾರೆ. ಮಾಸ್ತಿಯವರ ‘ಸುಬ್ಬಣ್ಣ’ ಅಥವಾ ಅವರದೇ ನಾಲ್ಕಾರು ಸಣ್ಣಕಥೆಗಳು ಆರಂಭಕ್ಕೆ ಸರಿಯಾದ ಅಳತೆ. ಗಡಿಯ ಓದುಗರಿಗೆ ಇನ್ನೊಂದು ಒಳ್ಳೆಯ ದಾರಿ ಅನುವಾದಗಳದು. ತೆಲುಗಿನ ಯಂಡಮೂರಿ ವೀರೇಂದ್ರನಾಥ್ ಅವರ ಕಾದಂಬರಿಗಳು ಕನ್ನಡಕ್ಕೆ ಬಂದು ಒಂದು ಇಡೀ ಪೀಳಿಗೆಗೆ ಓದಿನ ಹುಚ್ಚು ಹಿಡಿಸಿದವು. ಅವರ ‘ತುಳಸಿದಳ’ 1985ರಲ್ಲಿ ಕನ್ನಡ ಸಿನಿಮಾ ಆದಾಗ ನಿರ್ದೇಶಿಸಿದವರು ವೇಮಗಲ್ ಜಗನ್ನಾಥರಾವ್. ಅವರ ಹೆಸರಿನ ಮುಂದಿರುವ ವೇಮಗಲ್ ಕೋಲಾರ ತಾಲ್ಲೂಕಿನ ಊರು. ಎದುರು ದಿಕ್ಕಿನಲ್ಲೂ ಕೆಲಸ ನಡೆದಿದೆ. ಶಾಂತಿನಾಥ ದೇಸಾಯಿಯವರ ‘ಓಂ ಣಮೋ’ ಕಾದಂಬರಿಯ ತೆಲುಗು ಅನುವಾದಕ್ಕೆ ರಂಗನಾಥ ರಾಮಚಂದ್ರರಾವ್ 2020ರ ಸಾಹಿತ್ಯ ಅಕಾಡೆಮಿ ಅನುವಾದ ಪ್ರಶಸ್ತಿ ಪಡೆದರು. ವಸುಧೇಂದ್ರರ ‘ತೇಜೋ ತುಂಗಭದ್ರಾ’ವನ್ನೂ ಅವರು ತೆಲುಗಿಗೆ ತಂದಿದ್ದಾರೆ.

ಇದರಿಂದ ಒಂದು ಸಾಧ್ಯತೆ ಹುಟ್ಟುತ್ತದೆ. ಶ್ರೀನಿವಾಸಪುರದ ಎಷ್ಟೋ ಮನೆಗಳಿಗೆ ಮದನಪಲ್ಲಿ, ಪುಂಗನೂರು, ಪಲಮನೇರು ಕಡೆ ಕೊಟ್ಟು ತಂದ ಸಂಬಂಧಗಳಿವೆ. ಇತ್ತ ಕನ್ನಡದಲ್ಲಿ ‘ತೇಜೋ ತುಂಗಭದ್ರಾ’ ಓದಿದ ಅಕ್ಕ, ಅತ್ತ ಅದನ್ನೇ ತೆಲುಗಿನಲ್ಲಿ ಓದಿದ ತಂಗಿ ಒಂದೇ ಸಭೆಯಲ್ಲಿ ಕೂತು ಮಾತಾಡಬಹುದು. ರಾಜ್ಯದ ಗಡಿ ಈ ನೆಂಟಸ್ತಿಕೆಯನ್ನು ಎಂದೂ ತಡೆದಿಲ್ಲ. ಲಿಪಿ ಮಾತ್ರ ನಡುವೆ ನಿಂತಿತ್ತು, ಈಗ ಅದೂ ಅಡ್ಡಿಯಲ್ಲ. ಹಾಗೆ ನೋಡಿದರೆ ಎರಡು ಲಿಪಿಗಳೂ ಒಂದೇ ಮೂಲದಿಂದ ಕವಲೊಡೆದವು. ಕನ್ನಡ ಬಲ್ಲವರು ತಲೆಕಟ್ಟು ಮತ್ತು ಕೆಲವೇ ಅಕ್ಷರಗಳ ವ್ಯತ್ಯಾಸ ಕಲಿತರೆ ತೆಲುಗು ಓದಲು ಹೆಚ್ಚು ದಿನ ಬೇಕಾಗುವುದಿಲ್ಲ. ಕೂಟದ ಒತ್ತಾಸೆಯಿಂದ ಮನೆಮಾತಿನ ಅಕ್ಷರವನ್ನು ನಡುವಯಸ್ಸಿನಲ್ಲಿ ಕಲಿಯುವುದು ಓದಿನ ಲಾಭಗಳಲ್ಲೇ ದೊಡ್ಡದು. ಕುಪ್ಪಂನಲ್ಲಿ 1997ರಲ್ಲಿ ಆರಂಭವಾದ ದ್ರಾವಿಡ ವಿಶ್ವವಿದ್ಯಾಲಯ ಕನ್ನಡ ಮತ್ತು ಅನುವಾದದ ಅಧ್ಯಯನವನ್ನು ಈ ಗಡಿಯ ಅಂಚಿನಲ್ಲೇ ನಡೆಸುತ್ತಿರುವುದೂ ಇಲ್ಲಿನ ಓದುಗರಿಗೆ ಅನುಕೂಲ. ಮಾಲೂರಿನಾಚೆ ಹೊಸೂರು, ತಳಿ, ಡೆಂಕಣಿಕೋಟೆಗಳ ಕನ್ನಡಿಗರಿಗೆ ಇಂಥ ಕೂಟಗಳು ಇನ್ನೂ ಹೆಚ್ಚು ಬೇಕು. ತಮಿಳುನಾಡಿನ ಆ ಊರುಗಳಲ್ಲಿ ಕನ್ನಡ ಪುಸ್ತಕ ಸಿಗುವುದು ಕಷ್ಟ.

ಪುಸ್ತಕ ಎಲ್ಲರ ಕೈಗೂ ಒಂದೇ ಹೊತ್ತಿಗೆ ತಲುಪುವುದು ಕೂಟದ ಮುಖ್ಯ ತೊಡಕು. ತಾಲ್ಲೂಕು ಕೇಂದ್ರದ ಗ್ರಂಥಾಲಯದಲ್ಲಿ ಒಂದು ಪ್ರತಿ ಇದ್ದರೆ ಹೆಚ್ಚು. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದ ಮೇಲೆ, 2020ರ ನವೆಂಬರ್‌ನಲ್ಲಿ ಮಕ್ಕಳಿಗಾಗಿ ‘ಓದುವ ಬೆಳಕು’ ಕಾರ್ಯಕ್ರಮ ಶುರುವಾಯಿತು. ಈಗ ‘ಅರಿವು ಕೇಂದ್ರ’ಗಳಾಗಿರುವ ಇವುಗಳಲ್ಲಿ ಮಕ್ಕಳ ಪುಸ್ತಕ, ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕ ಕಾಣುವಷ್ಟು ಕಾದಂಬರಿ ಕಾಣುವುದಿಲ್ಲ. ಅಂಚೆಯಲ್ಲಿ ತರಿಸಿಕೊಳ್ಳುವವರಿಗೆ 2024ರ ಡಿಸೆಂಬರ್‌ನಲ್ಲಿ ಪೆಟ್ಟು ಬಿತ್ತು: ನೋಂದಾಯಿತ ಅಂಚೆಯಲ್ಲಿ ಕಳಿಸುವ ಪುಸ್ತಕಗಳಿಗಿದ್ದ ಅಗ್ಗದ ದರವನ್ನು ಅಂಚೆ ಇಲಾಖೆ ನಿಲ್ಲಿಸಿತು. ಹಾಗಾಗಿ ನಾಲ್ಕಾರು ಜನ ಸೇರಿ ಒಂದೇ ಪಾರ್ಸಲ್ ತರಿಸಿ, ಬಸ್ ನಿಲ್ದಾಣದ ಪರಿಚಿತ ಅಂಗಡಿಯಲ್ಲಿ ಇಟ್ಟು ಹಂಚಿಕೊಳ್ಳುವುದು ಒಳ್ಳೆಯ ಉಪಾಯ.

ಪುಸ್ತಕದ ಪಿಡಿಎಫ್ ಗುಂಪಿಗೆ ಹಾಕುವ ಅಭ್ಯಾಸವನ್ನು ಮಾತ್ರ ಗಟ್ಟಿಯಾಗಿ ತಡೆಯಬೇಕು. ನಮ್ಮ ಕಾಯಿದೆಯ ಪ್ರಕಾರ ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷ ಕೃತಿಸ್ವಾಮ್ಯ ಇರುತ್ತದೆ. 1946ರಲ್ಲಿ ತೀರಿಕೊಂಡ ಕೈಲಾಸಂ ನಾಟಕಗಳನ್ನು ಯಾರು ಬೇಕಾದರೂ ಹಂಚಬಹುದು. ಡಿವಿಜಿ ತೀರಿಕೊಂಡದ್ದು 1975ರಲ್ಲಿ, ಅವರ ಕೃತಿಗಳು ಮುಕ್ತವಾಗುವುದು 2036ಕ್ಕೆ. ಮಾಸ್ತಿಯವರದು 2047ಕ್ಕೆ. ಇಂದು ಬರೆಯುತ್ತಿರುವವರ ಪುಸ್ತಕವನ್ನು ಕದ್ದು ಓದಿ, ಅದೇ ಲೇಖಕರನ್ನು ಸಭೆಗೆ ಕರೆಯುವುದು ಸಲ್ಲದ ಕೆಲಸ. ಕನ್ನಡದ ಲೇಖಕರು ಕರೆದರೆ ಬರುತ್ತಾರೆ. ಊರಿಗೆ ಬರಲು ದಿನವೆಲ್ಲ ಬೇಕಾದವರಿಗೂ ಫೋನಿನಲ್ಲಿ ಒಂದು ಗಂಟೆ ಕೊಡುವುದು ಕಷ್ಟವಲ್ಲ.

ಸಭೆಯ ಹೊತ್ತನ್ನು ಊರಿನ ಬದುಕು ನೋಡಿ ಇಡಬೇಕು. ಬೆಳಗ್ಗೆ, ಸಂಜೆ ಡೇರಿಗೆ ಹಾಲು ಹಾಕುವ ವೇಳೆ ಯಾರೂ ಸಿಗುವುದಿಲ್ಲ. ಕೋಲಾರದ ಎಪಿಎಂಸಿಗೂ ಮುಳಬಾಗಿಲಿನ ವಡ್ಡಹಳ್ಳಿ ಮಾರುಕಟ್ಟೆಗೂ ಟೊಮೆಟೊ ತುಂಬಿ ಬರುವ ಕಾಲದಲ್ಲಿ ಬೆಳೆಗಾರರಿಗೆ ರಾತ್ರಿಯೂ ಬಿಡುವಿಲ್ಲ. ಮೇ, ಜೂನ್ ತಿಂಗಳಲ್ಲಿ ಶ್ರೀನಿವಾಸಪುರ ಮಾವಿನ ಮಂಡಿಯಲ್ಲಿರುತ್ತದೆ. ನರಸಾಪುರ, ವೇಮಗಲ್ ಕಾರ್ಖಾನೆಗಳ ಹುಡುಗ ಹುಡುಗಿಯರಿಗೆ ಪಾಳಿಯ ಕೆಲಸ. ಮಾಲೂರಿನಿಂದ ರೈಲು ಹತ್ತಿ ಬೆಂಗಳೂರಿಗೆ ಹೋಗಿಬರುವವರು ಪುಸ್ತಕ ಓದುವುದೇ ರೈಲಿನಲ್ಲಿ. ಭಾನುವಾರ ರಾತ್ರಿ ಎಂಟೂವರೆಯ ನಂತರದ ಒಂದು ಗಂಟೆ ಬಹುಪಾಲು ಜನರಿಗೆ ಹೊಂದುತ್ತದೆ. ಗೂಗಲ್ ಮೀಟ್‌ನ ಉಚಿತ ಸಭೆಯೂ 60 ನಿಮಿಷಕ್ಕೆ ನಿಲ್ಲುತ್ತದೆ, ಜೂಮ್‌ನದು 40ಕ್ಕೇ. ಬರಲಾಗದವರು ತಮ್ಮ ಮಾತನ್ನು ಧ್ವನಿಸಂದೇಶವಾಗಿ ಕಳಿಸಬಹುದು. ಟೈಪು ಮಾಡಲು ಬಾರದ ಹಿರಿಯರಿಗೂ, ಮೈಕ್ ಮುಂದೆ ಅಂಜುವ ಹೆಣ್ಣುಮಕ್ಕಳಿಗೂ ಧ್ವನಿಸಂದೇಶ ಎಲ್ಲಕ್ಕಿಂತ ಹತ್ತಿರದ ದಾರಿ.

ಆರೆಂಟು ತಿಂಗಳು ಒಟ್ಟಿಗೆ ಓದಿದವರಿಗೆ ಮುಖತಃ ಸೇರುವ ಆಸೆ ತಾನಾಗಿ ಬರುತ್ತದೆ. ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ 2023ರ ಜನವರಿಯಲ್ಲಿ ಶುರುವಾದ ‘ಕಬ್ಬನ್ ರೀಡ್ಸ್’ನಲ್ಲಿ ಜನ ಶನಿವಾರ ಮರದಡಿ ಕೂತು ತಂತಮ್ಮ ಪುಸ್ತಕವನ್ನು ಮೌನವಾಗಿ ಓದುತ್ತಾರೆ. ಆ ಮಾದರಿ ಎಷ್ಟೋ ನಗರಗಳಿಗೆ ಹಬ್ಬಿತು. ಕೋಲಾರ ಸೀಮೆಗೆ ಮೌನಕ್ಕಿಂತ ಮಾತಿನ ಕೂಟ ಒಗ್ಗುತ್ತದೆ, ಅದಕ್ಕೆ ಜಾಗವೂ ಇದೆ. ಅಂತರಗಂಗೆ ಬೆಟ್ಟಸಾಲಿನ ತೇರಹಳ್ಳಿಯಲ್ಲಿ ಕೋಟಿಗಾನಹಳ್ಳಿ ರಾಮಯ್ಯ ಮತ್ತು ಗೆಳೆಯರು ಕಟ್ಟಿದ ‘ಆದಿಮ’ ಸಾಂಸ್ಕೃತಿಕ ಕೇಂದ್ರ, ಅಲ್ಲಿನ ‘ಹುಣ್ಣಿಮೆ ಹಾಡು’ ಕಾರ್ಯಕ್ರಮ ಜಿಲ್ಲೆಯ ಹಾಡು, ನಾಟಕ, ಸಾಹಿತ್ಯದವರಿಗೆಲ್ಲ ಪರಿಚಿತ. ಮುಳಬಾಗಿಲು, ಶ್ರೀನಿವಾಸಪುರ, ಮಾಲೂರಿನವರಿಗೆ ಕೋಲಾರ ನಡುವಿನ ಊರು, ಬಸ್ಸಿಗೂ ಕೊರತೆಯಿಲ್ಲ. ಹುಣ್ಣಿಮೆಗೆ ಬೆಟ್ಟ ಹತ್ತುವ ದಿನವನ್ನೇ ಕೂಟದ ದಿನವನ್ನಾಗಿಸಿಕೊಂಡರೆ ಮಧ್ಯಾಹ್ನ ಪುಸ್ತಕದ ಮಾತು, ರಾತ್ರಿ ಹಾಡು ಎರಡೂ ಒಂದೇ ಪಯಣದಲ್ಲಿ ಆಗುತ್ತವೆ. ಮುಂದಿನ ತಿಂಗಳು ಓದಬೇಕಾದ ಪುಸ್ತಕದ ಪ್ರತಿಗಳನ್ನು ಅಂದೇ ಕೈಯಿಂದ ಕೈಗೆ ಹಂಚಿದರೆ ಅಂಚೆಯ ಖರ್ಚೂ ಉಳಿಯುತ್ತದೆ.