ಜಿನೀವಾದಲ್ಲಿ ತೊಂಬತ್ತು ದಿನ

ಮಗಳಿಗೆ ಸ್ವಿಟ್ಜರ್‌ಲೆಂಡಿನ ಜಿನೀವಾದಲ್ಲಿ, ವಿಶ್ವಸಂಸ್ಥೆಗೆ ಸೇರಿದ ಒಂದು ಸಂಸ್ಥೆಯಲ್ಲಿ ಕೆಲಸ ಸಿಕ್ಕಿತು. ಕರಾರು ಎರಡೇ ವರ್ಷದ್ದು. ಬೆಂಗಳೂರಿನ ಕಾಯಂ ನೌಕರಿ ಬಿಟ್ಟು, ಏಳು ವರ್ಷದ ಮಗನನ್ನು ಕರೆದುಕೊಂಡು ಆಗಸ್ಟ್‌ನಲ್ಲಿ ಹೊರಟಳು. ಅಳಿಯಂದಿರಿಗೆ ಮಾರ್ಚ್‌ವರೆಗೆ ರಜೆ ಸಿಗುವಂತಿರಲಿಲ್ಲ. "ಅಪ್ಪಾ, ನೀವೂ ಅಮ್ಮನೂ ಬಂದು ಸ್ವಲ್ಪ ದಿನ ಇರಿ" ಎಂದಳು. ಪ್ರವಾಸಿ ವೀಸಾದಲ್ಲಿ ಅಲ್ಲಿರಲು ಸಿಗುವುದು 90 ದಿನ. ಜೀವನಪೂರ್ತಿ ಬ್ಯಾಂಕಿನಲ್ಲಿ ಠೇವಣಿಗಳ ಅವಧಿ ಲೆಕ್ಕ ಹಾಕಿದವನು ನಾನು. ಸೆಪ್ಟೆಂಬರ್ 18ರಂದು ಇಳಿದವನೇ ಕ್ಯಾಲೆಂಡರಿನಲ್ಲಿ ಡಿಸೆಂಬರ್ 16ಕ್ಕೆ ಗುರುತು ಹಾಕಿದೆ.

ಕೆಲಸಕ್ಕೆ ಸೇರುವಾಗ ಮಗಳು ಒಂದು ಪ್ರತಿಜ್ಞೆಗೆ ಸಹಿ ಹಾಕಿದ್ದಳು. ತನ್ನ ಕೆಲಸದ ವಿಷಯದಲ್ಲಿ ಯಾವ ಸರ್ಕಾರದ ಅಪ್ಪಣೆಯನ್ನೂ ಕೇಳುವುದಿಲ್ಲ, ಪಡೆಯುವುದಿಲ್ಲ ಎಂಬುದು ಅದರ ಸಾರ. ವಿಶ್ವಸಂಸ್ಥೆಯ ಸನ್ನದಿನಲ್ಲೇ 100ನೇ ವಿಧಿಯಾಗಿ ಈ ಮಾತಿದೆ. ನಾನೂ ಬ್ಯಾಂಕಿಗೆ ಸೇರಿದ ದಿನ ನಿಷ್ಠೆ ಮತ್ತು ಗೌಪ್ಯದ ಘೋಷಣೆಗೆ ಸಹಿ ಹಾಕಿದವನೇ. ಆದರೆ ಇದು ಇನ್ನೂ ಒಂದು ಕೈ ಮೇಲು. ನನ್ನಾಕೆಗೆ ಗಾಬರಿಯಾಯಿತು. "ಹಾಗಾದ್ರೆ ಇವಳು ಇನ್ನು ನಮ್ಮ ದೇಶದವಳಲ್ವೇನೇ?" ಎಂದಳು. ಪಾಸ್‌ಪೋರ್ಟು ಭಾರತದ್ದೇ, ಕೆಲಸ ಮಾತ್ರ ಎಲ್ಲ ದೇಶಗಳದ್ದು ಎಂದು ಮಗಳು ತಿಳಿಸಿ ಹೇಳಿದಳು. ಸಂಸ್ಥೆಯ ಕೆಲಸದ ಮೇಲೆ ಓಡಾಡಲು ವಿಶ್ವಸಂಸ್ಥೆಯೇ ಕೊಡುವ ತಿಳಿನೀಲಿ ಪುಸ್ತಕವೊಂದಿದೆ. ಮೊಮ್ಮಗನಿಗೆ ಅದರ ಮೇಲೇ ಕಣ್ಣು.

ಮನೆಯದು ಇನ್ನೊಂದು ಕಥೆ. ಮೂರು ತಿಂಗಳ ಬಾಡಿಗೆಯಷ್ಟು ಹಣ ಭದ್ರತೆಯಾಗಿ ಇಡಬೇಕು. ಅದಾದ ಮೇಲೆ, ಗೋಡೆಯ ಒಂದೊಂದು ಗೀಚು, ನೆಲದ ಒಂದೊಂದು ಕಲೆಯನ್ನೂ ಬರೆದ ಪಟ್ಟಿಗೆ ಸಹಿ. ಪಟ್ಟಿಯಲ್ಲಿಲ್ಲದ ಗೀಚು ಬಿಡುವಾಗ ಕಂಡರೆ ದುಡ್ಡು ನಾವು ಕೊಡಬೇಕು. ನಾನು ಟಾರ್ಚ್ ಹಿಡಿದು ಒಂದು ಮಧ್ಯಾಹ್ನವೆಲ್ಲ ಮನೆ ತಪಾಸಣೆ ಮಾಡಿದೆ. ಬಚ್ಚಲಿನ ಬಾಗಿಲ ಹಿಂದೆ ಅವರು ಬಿಟ್ಟಿದ್ದ ಎರಡು ಗೀಚು ಸಿಕ್ಕವು. ನಿವೃತ್ತನಾದ ಮೇಲೆ ಅಷ್ಟು ಸಂತೋಷದಿಂದ ಕೆಲಸ ಮಾಡಿದ್ದು ಅದೇ ಮೊದಲು! ಬಟ್ಟೆ ಒಗೆಯುವ ಯಂತ್ರ ನೆಲಮಾಳಿಗೆಯಲ್ಲಿ, ಇಡೀ ಕಟ್ಟಡಕ್ಕೆಲ್ಲ ಒಂದೇ ಕೋಣೆ. ನಮ್ಮ ಸರದಿ ಮಂಗಳವಾರ. ಭಾನುವಾರ ಒಗೆಯುವಂತಿಲ್ಲ, ಸದ್ದು ಮಾಡುವಂತಿಲ್ಲ. ಅಂಗಡಿಗಳೂ ಹೆಚ್ಚುಕಡಿಮೆ ಎಲ್ಲ ಮುಚ್ಚಿರುತ್ತವೆ. ಮೊದಲ ಭಾನುವಾರ ಹಾಲಿಲ್ಲದೆ ಕರಿ ಕಾಫಿ ಕುಡಿದೆವು.

ಬುಧವಾರ ಮೊಮ್ಮಗನ ತರಗತಿಗೆ ರಜೆ. ಆ ದಿನ ನಾವಿಬ್ಬರೂ ಊರು ಸುತ್ತುತ್ತಿದ್ದೆವು. ಸರೋವರದಿಂದ 140 ಮೀಟರ್ ಎತ್ತರಕ್ಕೆ ಚಿಮ್ಮುವ ಕಾರಂಜಿ ಈ ಊರಿನ ಗುರುತು. ಗಾಳಿ ಜೋರಾದರೆ ಅದನ್ನು ನಿಲ್ಲಿಸಿಬಿಡುತ್ತಾರೆ. 15ನೇ ನಂಬರಿನ ಟ್ರಾಮ್ ಹತ್ತಿದರೆ ವಿಶ್ವಸಂಸ್ಥೆಯ ಅರಮನೆಯಂಥ ಕಟ್ಟಡದ ಎದುರು ಇಳಿಯಬಹುದು. ಅದನ್ನು ಕಟ್ಟಿದ್ದು ವಿಶ್ವಸಂಸ್ಥೆಗಿಂತ ಮೊದಲಿದ್ದ ಲೀಗ್ ಆಫ್ ನೇಷನ್ಸ್‌ಗಾಗಿ. ಎದುರಿನ ಚೌಕದಲ್ಲಿ 12 ಮೀಟರ್ ಎತ್ತರದ ಮರದ ಕುರ್ಚಿ ನಿಂತಿದೆ. ನಾಲ್ಕರಲ್ಲಿ ಒಂದು ಕಾಲು ಅರ್ಧಕ್ಕೇ ಮುರಿದಿದೆ. "ತಾತ, ಇದನ್ನ ರಿಪೇರಿ ಮಾಡಲ್ವಾ?" ಎಂದ ಹುಡುಗ. ನೆಲಬಾಂಬ್ ತುಳಿದು ಕಾಲು ಕಳೆದುಕೊಂಡವರನ್ನು ದೇಶದೇಶಗಳ ಪ್ರತಿನಿಧಿಗಳು ಮರೆಯಬಾರದೆಂದು 1997ರಲ್ಲಿ ನಿಲ್ಲಿಸಿದ್ದು ಎಂದೆ. ಅವನು ಬಹಳ ಹೊತ್ತು ಆ ಕಾಲನ್ನೇ ನೋಡಿದ. ಒಳಗಿನ ತೋಟದಲ್ಲಿ ನವಿಲುಗಳಿವೆ! ಆ ಜಾಗದ ಹಿಂದಿನ ಒಡೆಯ ಅದನ್ನು ಊರಿಗೆ ಬಿಟ್ಟುಕೊಡುವಾಗ ನವಿಲುಗಳು ಅಡ್ಡಾಡಿಕೊಂಡಿರಬೇಕು ಎಂದು ಷರತ್ತು ಹಾಕಿದ್ದನಂತೆ.

ನನ್ನ ಜೊತೆ ಇಷ್ಟೆಲ್ಲ ಮಾತಾಡುವ ಹುಡುಗ ಶಾಲೆಯಲ್ಲಿ ಬಾಯಿ ಬಿಡುತ್ತಿರಲಿಲ್ಲ. ಅಲ್ಲಿ ಎಲ್ಲವೂ ಫ್ರೆಂಚ್. ಮಗಳ ಪಾಡೂ ಅಂಥದ್ದೇ. ಅವಳ ಕಚೇರಿಯಲ್ಲಿ ನಡೆಯುವುದು ಇಂಗ್ಲಿಷೇ, ಆದರೆ ಹತ್ತು ದೇಶದವರದು ಹತ್ತು ಬಗೆಯ ಇಂಗ್ಲಿಷು. ಇಲಾಖೆ, ಸಮಿತಿ, ಯೋಜನೆ ಎಲ್ಲವನ್ನೂ ಮೂರು ನಾಲ್ಕು ಅಕ್ಷರಕ್ಕೆ ಇಳಿಸಿ ಮಾತಾಡುತ್ತಾರೆ. ನಮ್ಮಲ್ಲಿ ದೊಡ್ಡವರು "ನೀವೇನಂತೀರಿ?" ಎಂದು ಕೇಳಿದ ಮೇಲೆ ತಾನೇ ನಾವು ಬಾಯಿ ತೆರೆಯುವುದು? ಅಲ್ಲಿ ಯಾರೂ ಕೇಳುವುದಿಲ್ಲ. ಇವಳು ಕಾಯುತ್ತಾ ಕೂತು ಸಭೆಯೇ ಮುಗಿದಿರುತ್ತಿತ್ತು.

ಅಕ್ಟೋಬರಿನ ಒಂದು ರಾತ್ರಿ ಪಾತ್ರೆ ಒರೆಸುತ್ತಾ ಹೇಳಿದಳು: "ಡಿಸೆಂಬರ್‌ವರೆಗೆ ನೋಡ್ತೀನಪ್ಪ. ಇವನು ಹೀಗೇ ಇದ್ರೆ ನಿಮ್ಮ ಜೊತೆಗೇ ಟಿಕೆಟ್ ಮಾಡಿಸ್ತೀನಿ."

ಬಿಟ್ಟು ಬಂದ ನೌಕರಿ ಮತ್ತೆ ಸಿಗುವಂಥದ್ದಲ್ಲ. ಬೇಡ ಎನ್ನಲು ಬಾಯಿ ಬರಲಿಲ್ಲ, ಹೂಂ ಎನ್ನಲೂ ಬರಲಿಲ್ಲ. ಹಾಸನದ ಹುಡುಗ ನಾನು 1974ರಲ್ಲಿ ಸಿಂಧನೂರಿನ ಶಾಖೆಗೆ ಹೋದಾಗ ಕೌಂಟರಿನ ಆಚೆಯವರ ಕನ್ನಡವೇ ತಿಳಿಯದೆ ಒದ್ದಾಡಿದ್ದೆ. ಕೇಳಿದ ಹೊಸ ಮಾತನ್ನೆಲ್ಲ ಒಂದು ಪುಟ್ಟ ಪುಸ್ತಕದಲ್ಲಿ ಬರೆದಿಡುತ್ತಿದ್ದೆ. ಮರುದಿನ ಅಂಥವೇ ಎರಡು ಪುಸ್ತಕ ತಂದೆ. ಒಂದು ಮಗಳಿಗೆ, ಆ ಮೂರಕ್ಷರ ನಾಲ್ಕಕ್ಷರಗಳಿಗಾಗಿ. ಇನ್ನೊಂದು ನನಗೆ. "ನಂಗೆ ಫ್ರೆಂಚ್ ಹೇಳ್ಕೊಡೋ" ಎಂದು ಮೊಮ್ಮಗನ ಮುಂದೆ ಕೂತೆ.

ಗುಮಾಸ್ತನಿಗೆ ಮೊದಲು ಬೇಕಾದ್ದು ಅಂಕಿ. ಪಕ್ಕದ ಫ್ರಾನ್ಸಿನಲ್ಲಿ ಎಪ್ಪತ್ತಕ್ಕೆ 'ಅರವತ್ತು-ಹತ್ತು' ಎನ್ನುತ್ತಾರಂತೆ. ಜಿನೀವಾದವರು ನೇರವಾಗಿ 'ಸೆಪ್ತಾಂತ್' ಎನ್ನುತ್ತಾರೆ. ತೊಂಬತ್ತು 'ನೊನಾಂತ್'. ಸಂಸ್ಕೃತದ ಸಪ್ತತಿ, ನವತಿಗಳ ದೂರದ ನೆಂಟರಿವು! ನಾನು ಸೆಪ್ತಾಂತ್-ತ್ರುವಾ, ಎಪ್ಪತ್ತಮೂರು. ನನ್ನ ಉಚ್ಚಾರಣೆ ಕೇಳಿ ಹುಡುಗ ಬಿದ್ದು ಬಿದ್ದು ನಗುತ್ತಿದ್ದ, ತಿದ್ದುತ್ತಿದ್ದ. ಅವನಿಗೆ ಇಷ್ಟೆಲ್ಲ ಬರುತ್ತದೆಂದು ನಮಗೆ ಗೊತ್ತಾದದ್ದೇ ಆಗ.

ಡಿಸೆಂಬರಿನಲ್ಲಿ ಆ ಊರಿನ ದೊಡ್ಡ ಹಬ್ಬ, ಎಸ್ಕಲಾದ್. 1602ರ ಡಿಸೆಂಬರ್ 12ರ ಬೆಳಗಿನ ಜಾವ, ಇನ್ನೂ ಕತ್ತಲಿರುವಾಗಲೇ, ಸವಾಯ್‌ನ ಡ್ಯೂಕನ ಸೈನಿಕರು ಏಣಿ ಹಾಕಿ ಕೋಟೆ ಹತ್ತಿದರು. ರೊಯೋಮ್ ಎಂಬ ತಾಯಿ ಕಿಟಕಿಯಿಂದ ಕುದಿಯುವ ಸೂಪಿನ ಹಂಡೆಯನ್ನೇ ಅವರ ತಲೆ ಮೇಲೆ ಸುರಿದಳು ಎಂದು ಅಲ್ಲಿ ಮಕ್ಕಳಿಗೆಲ್ಲ ಕಥೆ ಹೇಳುತ್ತಾರೆ. ಡ್ಯೂಕ್ ಸೋತ. "ನಮ್ಮ ಒನಕೆ ಓಬವ್ವನ ಥರಾನಾ ತಾತ?" ಎಂದ ಮೊಮ್ಮಗ. ಹೌದಪ್ಪ, ಅಲ್ಲಿ ಒನಕೆ, ಇಲ್ಲಿ ಸೂಪು.

ಅದರ ನೆನಪಿಗೆ ಚಾಕೊಲೇಟಿನ ಹಂಡೆ ಮಾಡಿ, ಒಳಗೆ ಬಾದಾಮಿ ಹಿಟ್ಟಿನ ಪುಟಾಣಿ ತರಕಾರಿ ತುಂಬಿಸುತ್ತಾರೆ. ಕೂಡಿದವರಲ್ಲಿ ಎಲ್ಲರಿಗಿಂತ ಹಿರಿಯರೂ ಎಲ್ಲರಿಗಿಂತ ಕಿರಿಯರೂ ಸೇರಿ ಅದನ್ನು ಗುದ್ದಿ ಒಡೆಯಬೇಕು. ಶಾಲೆಯ ಹಬ್ಬಕ್ಕೆ ಮನೆಯವರಿಗೂ ಕರೆಯಿತ್ತು. ಮಗಳಿಗೆ ಅಂದೇ ಸಭೆ. ನಾವು ಮುದುಕರಿಬ್ಬರೂ ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆವು. ಟೀಚರಮ್ಮ ಏನೋ ಕೇಳಿದರು. ಎಲ್ಲರೂ ಅತ್ತಿತ್ತ ನೋಡುತ್ತಿರುವಾಗ ನಮ್ಮ ಹುಡುಗ ಎದ್ದು ನಿಂತು, ನನ್ನತ್ತ ಬೆರಳು ತೋರಿಸಿ, ಗಟ್ಟಿ ದನಿಯಲ್ಲಿ ಉದ್ದದ ವಾಕ್ಯವೊಂದನ್ನು ಹೇಳಿದ. ಅದರಲ್ಲಿ ನನಗೆ ತಿಳಿದದ್ದು 'ಸೆಪ್ತಾಂತ್-ತ್ರುವಾ' ಒಂದೇ. ಟೀಚರಮ್ಮ ಕ್ಷಣಹೊತ್ತು ಅವನನ್ನೇ ನೋಡಿದರು. ಆಮೇಲೆ ನನ್ನನ್ನು ಮುಂದೆ ಕರೆದರು. ಯಾರದೋ ನಾಲ್ಕು ವರ್ಷದ ತಂಗಿಯ ಕೈ ಹಿಡಿದು ನಾನು ಹಂಡೆ ಒಡೆದೆ.

ಮಗಳು ಮನೆಗೆ ಬಂದಾಗ ಎಂಟು ಗಂಟೆ. ಅಂದು ಸಭೆಯಲ್ಲಿ ಯಾರೂ ಕೇಳದೆ ತಾನೇ ಎರಡು ಮಾತಾಡಿದಳಂತೆ. ಹುಡುಗ ಅವಳಿಗೆಂದು ಜೇಬಿನಲ್ಲಿಟ್ಟು ತಂದಿದ್ದ ಬಾದಾಮಿಯ ಕ್ಯಾರೆಟ್ ಕೊಟ್ಟು, ನಡೆದದ್ದನ್ನೆಲ್ಲ ಫ್ರೆಂಚಿನಲ್ಲೇ ಹೇಳತೊಡಗಿದ. ಅವಳಿಗೆ ಒಂದೂ ತಿಳಿಯದೆ ನನ್ನ ಮುಖ ನೋಡಿದಳು. ನನಗೆ ಬರುತ್ತಿದ್ದುದು ಅಂಕಿ ಮಾತ್ರ.

16ರಂದು ವಿಮಾನ ಹತ್ತಿದವರು ನಾವಿಬ್ಬರೇ. ಮಂಗಳವಾರದ ಬಟ್ಟೆ ಕೋಣೆಯ ಸರದಿ ಮಾತ್ರ ಮರೆಯಬೇಡ ಎಂದು ಮಗಳಿಗೆ ಹೇಳಿ ಬಂದಿದ್ದೇನೆ.