ಲಕ್ಕಿ ಸೊಪ್ಪಿನ ಬೆನ್ನು ಹತ್ತಿ ಬೇಲಾಪುರಕ್ಕೆ

ಡೊಂಬಿವಲಿಯಲ್ಲಿ ಹತ್ತಿದ ಫಾಸ್ಟ್ ಲೋಕಲ್ ಠಾಣೆಗೆ ಬಂತು. ಅಲ್ಲಿ ಗಾಡಿ ಬದಲಿಸಿದರೆ ಐರೋಲಿ, ರಬಾಳೆ, ತುರ್ಭೆ. ಕಾರ್ಖಾನೆಗಳ ಸಾಲು, ಅವುಗಳ ಹಿಂದೆ ಗುಡ್ಡ. ಬೇಲಾಪುರದ ಫಾರ್ಮಸಿ ಕಾಲೇಜೊಂದರಲ್ಲಿ ಓದುವ ತಮ್ಮನ ಮಗಳು, "ದೊಡ್ಡಪ್ಪ, ನಮ್ಮ ಲಕ್ಕಿ ಸೊಪ್ಪಿಗೆ ಪರೀಕ್ಷೆ ನಡೀತಿದೆ, ಬಂದು ನೋಡಿ" ಎಂದು ಕರೆದಿದ್ದಳು.

ಬಾಣಂತಿಯ ಸ್ನಾನದ ನೀರಿಗೆ, ಮಂಡಿನೋವಿನ ಶಾಖಕ್ಕೆ ನಾವು ಬಳಸುವ ಈ ಗಿಡ ಮರಾಠಿಯವರಿಗೆ ನಿರ್ಗುಡಿ. ಕಲ್ಯಾಣದ ಕಡೆಯಿಂದ ತಂದ ಕೊಂಬೆಯನ್ನು ಮುಂಬಯಿಯ ಸೇಂಟ್ ಝೇವಿಯರ್ಸ್ ಕಾಲೇಜಿನ ಬ್ಲ್ಯಾಟರ್ ಹರ್ಬೇರಿಯಂನಲ್ಲಿ ಗುರುತಿಸಿಕೊಂಡು, ಎಲೆಯನ್ನು ನೆರಳಲ್ಲಿ ಒಣಗಿಸಿ ಪುಡಿ ಮಾಡಿದ್ದರು. ಪುಡಿ ಈಗ ಸಾಕ್ಸ್‌ಲೆಟ್ ಉಪಕರಣದಲ್ಲಿತ್ತು. ಆಲ್ಕೋಹಾಲ್ ಆವಿಯಾಗಿ ಏರಿ, ತಣಿದು, ಹನಿಹನಿಯಾಗಿ ಪುಡಿಯ ಮೇಲೆ ಬಿದ್ದು, ತುಂಬಿದೊಡನೆ ಹಸಿರಾಗಿ ತಾನೇ ಇಳಿಯುತ್ತಿತ್ತು, ಮತ್ತೆ ಏರುತ್ತಿತ್ತು. ಫ್ರಾಂಜ್ ಫಾನ್ ಸಾಕ್ಸ್‌ಲೆಟ್ ಎಂಬಾತ 1879ರಲ್ಲಿ ಹಾಲಿನ ಕೊಬ್ಬು ತೆಗೆಯಲೆಂದು ರೂಪಿಸಿದ ಗಾಜು ಇದು! ಎಷ್ಟು ಹೊತ್ತು ನೋಡಿದರೂ ಸಾಲದು.

ಇನ್ನೂ ದೊಡ್ಡ ಬೆರಗು, ಈ ಸಾರ ತಗ್ಗಿಸಬೇಕಾದ ಊತವನ್ನು ಅಳೆಯುವ ಬಗೆ. ಐಸ್‌ಕ್ರೀಮಿಗೂ ಹಾಕುವ, ಕೆಂಪು ಕಡಲಪಾಚಿಯಿಂದ ಬರುವ ಕ್ಯಾರಗೀನನ್‌ನ ಶೇ. 1ರ ದ್ರಾವಣವನ್ನು 0.1 ಮಿಲಿಲೀಟರಿನಷ್ಟು ಇಲಿಯ ಹಿಂಗಾಲಿನ ಪಾದಕ್ಕೆ ಚುಚ್ಚುತ್ತಾರೆ. ವಿಂಟರ್, ರಿಸ್ಲಿ, ನಸ್ ಎಂಬ ಸಂಶೋಧಕರು 1962ರಲ್ಲಿ ತೋರಿಸಿಕೊಟ್ಟ ವಿಧಾನ ಇದು. ಪಾದವನ್ನು ದ್ರವದಲ್ಲಿ ಅದ್ದಿದಾಗ ಎಷ್ಟು ದ್ರವ ಸರಿಯಿತೋ ಅಷ್ಟು ಅದರ ಗಾತ್ರ. ಮೊದಲಿನ ಊತಕ್ಕೆ ಹಿಸ್ಟಮಿನ್, ಸೆರೊಟೋನಿನ್ ಕಾರಣ. ಮೂರನೆಯ ಗಂಟೆಯ ಹೊತ್ತಿಗೆ ಪ್ರೊಸ್ಟಗ್ಲಾಂಡಿನ್. ಇದು ಹುಟ್ಟದಂತೆ ಆಸ್ಪಿರಿನ್ ತಡೆಯುತ್ತದೆಂದು ಜಾನ್ ವೇನ್ 1971ರಲ್ಲಿ ಕಂಡುಕೊಂಡರು. ಸೊಪ್ಪಿನ ಸಾರ ಯಾವ ಗಂಟೆಯಲ್ಲಿ ಊತ ತಗ್ಗಿಸಿತು ಎನ್ನುವುದರಲ್ಲೇ ಅದು ಕೆಲಸ ಮಾಡುವ ದಾರಿಯ ಸುಳಿವು ಸಿಗುತ್ತದೆ! ನೋವಿನ ಪರೀಕ್ಷೆಗೆ 55 ಡಿಗ್ರಿಯ ಬಿಸಿ ತಟ್ಟೆ. ಇಲಿ ಪಾದ ನೆಕ್ಕಿದರೆ, ಜಿಗಿದರೆ, ಕೂಡಲೇ ಎತ್ತಿಬಿಡಬೇಕು. ನೈತಿಕ ಸಮಿತಿ ಒಪ್ಪದೆ ಒಂದು ಇಲಿಯನ್ನೂ ಮುಟ್ಟುವಂತಿಲ್ಲ. ಆ ಜೀವಗಳ ಋಣ ನಮ್ಮ ಮೇಲಿದೆ.

ಬಲಿತ ಲಕ್ಕಿ ಎಲೆಯ ನೀರಿನ ಸಾರ ಇಲಿಗಳಲ್ಲಿ ನೋವು, ಊತ ಎರಡನ್ನೂ ತಗ್ಗಿಸುತ್ತದೆಂದು ಶ್ರೀಲಂಕಾದ ಸಂಶೋಧಕರು 2003ರಲ್ಲೇ ಪ್ರಕಟಿಸಿದ್ದಾರೆ. ಆದರೆ ಅಲ್ಲಿ ಸಾರವನ್ನು ಕುಡಿಸಿದ್ದು. ನಮ್ಮ ಅಜ್ಜಿಯರು ಎಲೆ ಬಿಸಿ ಮಾಡಿ ಮೈಗೆ ಶಾಖ ಕೊಟ್ಟದ್ದು. ಒಂದು ಗೆದ್ದರೆ ಇನ್ನೊಂದೂ ಗೆದ್ದ ಹಾಗಲ್ಲ. ಅಜ್ಜಿಯ ಕ್ರಮವನ್ನೇ ಪರೀಕ್ಷೆಗೆ ಒಡ್ಡಬೇಕಾದರೆ ಮೊದಲು ಅದು ಬರವಣಿಗೆಯಲ್ಲಿರಬೇಕು. ಮನೆಮದ್ದು ಬಲ್ಲ ಹಿರಿಯರು ನಿಮ್ಮಲ್ಲಿದ್ದರೆ ಯಾವ ಗಿಡ, ಯಾವ ಭಾಗ, ಹಸಿಯೋ ಒಣಗಿದ್ದೋ, ಎಷ್ಟು, ಎಷ್ಟು ದಿನ ಎಂದು ಕೇಳಿ ಬರೆದಿಡಿ.