ಬಿಸಿ ಬಲ್ಲ ಸುರುಳಿ

ಬಹರೈನಿನ ಈಸಾ ಟೌನಿನಲ್ಲಿ ಚಳಿಗಾಲವೆಂದರೆ ಡಿಸೆಂಬರ್ ಮತ್ತು ಫೆಬ್ರವರಿಯ ನಡುವೆ ಬಂದುಹೋಗುವ ಒಂದಷ್ಟು ಬೆಳಗುಗಳು. ಅಂಥ ಊರಿನಲ್ಲಿ, ಚಳಿಗೆಂದೇ ಹುಟ್ಟಿದ ಒಂದು ಬಿಡಿಭಾಗದ ಆರೈಕೆಗೆ ನನ್ನ ಶುಕ್ರವಾರಗಳನ್ನು ಕೊಟ್ಟಿದ್ದೇನೆ. ಬೀದಿಯ ಕೊನೆಯ ಮನೆಯ ಹಿರಿಯರ ಹತ್ತಿರ ಎರಡನೇ ಮಹಾಯುದ್ಧದ ಕಾಲದ ಡಾಜ್ ಮಿಲಿಟರಿ ಟ್ರಕ್ಕಿದೆ. 1942ರಿಂದ 1945ರವರೆಗೆ ತಯಾರಾದ ಮುಕ್ಕಾಲು ಟನ್ನಿನ ಡಬ್ಲ್ಯುಸಿ ಸಾಲಿನದು. ಯುದ್ಧ ಮುಗಿದ ಮೇಲೆ ಡಾಜ್ ಕಂಪನಿ ಇದನ್ನೇ ಆಧಾರವಾಗಿಟ್ಟುಕೊಂಡು ಪವರ್ ವ್ಯಾಗನ್ ಮಾಡಿತು. ಸಮುದ್ರದಾಚೆ ಸೌದಿಯ ಮರಳಿನಲ್ಲಿ ಅರಾಮ್ಕೊದವರು ಎಣ್ಣೆ ಹುಡುಕುತ್ತ ಓಡಾಡಿದ್ದು ಅದರಲ್ಲೇ. ಹಾಗಾಗಿ ಈ ಕಡೆಯ ಮುದುಕರಿಗೆ ಇದರ ಮೂತಿ ಕಂಡರೆ ಮುಖ ಅರಳುತ್ತದೆ.

ಎಂಜಿನ್ 230 ಘನ ಇಂಚಿನದು, ಸಾಲಾಗಿ ಆರು ಸಿಲಿಂಡರು. ವಾಲ್ವುಗಳು ಸಿಲಿಂಡರಿನ ಪಕ್ಕದಲ್ಲೇ ಇರುವ ಫ್ಲಾಟ್‌ಹೆಡ್. ಪೆಟ್ರೋಲು-ಗಾಳಿ ಒಳಹೋಗುವುದೂ ಹೊಗೆ ಹೊರಬರುವುದೂ ಒಂದೇ ಪಕ್ಕದಿಂದ. ಅದಕ್ಕೇ ಎರಡು ಮ್ಯಾನಿಫೋಲ್ಡುಗಳೂ ಒಂದಕ್ಕೊಂದು ಅಂಟಿಕೊಂಡು ಕೂತಿವೆ, ಮೇಲೆ ಕಾರ್ಬೊರೇಟರು. ಪೆಟ್ರೋಲು ಆವಿಯಾಗುವಾಗ ಸುತ್ತಲಿನ ಬಿಸಿಯನ್ನು ಹೀರುತ್ತದೆ. ಸೂಜಿ ಚುಚ್ಚುವ ಮುಂಚೆ ನರ್ಸಮ್ಮ ಸವರುವ ಸ್ಪಿರಿಟ್ಟು ತಣ್ಣಗೆನಿಸುವುದೂ ಹೀಗೆಯೇ. ಎಂಜಿನ್ ತಣ್ಣಗಿದ್ದರೆ ಕೊಳವೆಯ ಗೋಡೆಗೆ ತಾಗಿದ ಪೆಟ್ರೋಲು ಹನಿಯಾಗಿಯೇ ಉಳಿಯುತ್ತದೆ. ಎಕ್ಸಾಸ್ಟ್ ಮ್ಯಾನಿಫೋಲ್ಡಿನೊಳಗೆ, ಕಾರ್ಬೊರೇಟರಿನ ನೇರ ಕೆಳಗೆ, ಒಂದು ಪುಟ್ಟ ಕಬ್ಬಿಣದ ರೆಕ್ಕೆಯನ್ನು ಇಟ್ಟದ್ದು ಅದರ ಸಲುವಾಗಿ. ತಣ್ಣಗಿರುವಾಗ ಅದು ಬಿಸಿ ಹೊಗೆಯನ್ನು ಮೇಲಕ್ಕೆ ತಿರುಗಿಸಿ ಇಂಟೇಕ್ ಮ್ಯಾನಿಫೋಲ್ಡಿನ ಹೊಟ್ಟೆಯನ್ನು ಕಾಯಿಸುತ್ತದೆ. ಎಂಜಿನ್ ಕಾದ ಮೇಲೆ ತಾನಾಗಿ ಹೊರಳಿ ಹೊಗೆಯನ್ನು ನೇರ ಸೈಲೆನ್ಸರಿನ ದಾರಿಗೆ ಬಿಡುತ್ತದೆ.

ತಾನಾಗಿ ಎಂದೆ. ನನಗೆ ಇದರ ಹುಚ್ಚು ಹಿಡಿದಿರುವುದೇ ಅಲ್ಲಿ. ವೈರಿಲ್ಲ, ಸ್ವಿಚ್ಚಿಲ್ಲ. ರೆಕ್ಕೆಯ ಅಚ್ಚಿನ ಹೊರತುದಿಗೆ ಒಂದು ಸುರುಳಿ, ಪಕ್ಕದಲ್ಲಿ ಒಂದು ತೂಕದ ಗುಂಡು. ಸುರುಳಿ ಎರಡು ಲೋಹಗಳನ್ನು ಬೆಸೆದು ಮಾಡಿದ್ದು. ಬಿಸಿಗೆ ಒಂದು ಹೆಚ್ಚು ಹಿಗ್ಗುತ್ತದೆ, ಇನ್ನೊಂದು ಕಡಿಮೆ, ಹಾಗಾಗಿ ಬಿಗಿತ ಸಡಿಲವಾಗಿ ಗುಂಡಿನ ತೂಕ ಗೆಲ್ಲುತ್ತದೆ. 18ನೇ ಶತಮಾನದಲ್ಲಿ ಇಂಗ್ಲೆಂಡಿನ ಜಾನ್ ಹ್ಯಾರಿಸನ್ ತನ್ನ ಕಡಲ ಗಡಿಯಾರ ಸೆಕೆಗೂ ಚಳಿಗೂ ಹೊತ್ತು ತಪ್ಪಬಾರದೆಂದು ಹಿತ್ತಾಳೆ, ಉಕ್ಕುಗಳ ಇಂಥದೇ ಪಟ್ಟಿ ಮಾಡಿದ್ದ. ನಾವಿಕರ ಗಡಿಯಾರದಿಂದ ಸೈನಿಕರ ಟ್ರಕ್ಕಿನವರೆಗೆ ಬಂದ ಈ ಜಾಣತನವನ್ನು ಬೆರಳಿನಿಂದ ಮುಟ್ಟಿ ನೋಡಬಹುದು ಎಂಬುದು ನನಗೆ ಇಂದಿಗೂ ದೊಡ್ಡ ಸಂತೋಷ.

ಇದರ ವೈರಿ ಮಸಿ ಮತ್ತು ತುಕ್ಕು. ಈ ದ್ವೀಪದ ಗಾಳಿಯಲ್ಲಿ ಉಪ್ಪಿದೆ, ಶಮಾಲ್ ಗಾಳಿ ಬೀಸಿದಾಗ ನುಣ್ಣನೆಯ ಧೂಳಿದೆ. ನಾಲ್ಕು ವಾರ ನಿಂತ ಟ್ರಕ್ಕಿನಲ್ಲಿ ಅಚ್ಚು ಕಚ್ಚಿಕೊಂಡಿರುತ್ತದೆ. ಎಂಜಿನ್ ಪೂರ್ತಿ ಆರಿದ ಮೇಲೆ ಗುಂಡನ್ನು ಹಿಡಿದು ತಿರುಗಿಸಿ ನೋಡಬೇಕು. ಸರಾಗ ಹೊರಳಿ, ಬಿಟ್ಟೊಡನೆ ಹಿಂದಕ್ಕೆ ಬರಬೇಕು. ಬರದಿದ್ದರೆ ಅಚ್ಚಿನ ಎರಡೂ ತುದಿಗೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ರಾತ್ರಿಯಿಡೀ ಕಾಯುತ್ತೇವೆ. ಮರುದಿನ ಸಣ್ಣ ಸುತ್ತಿಗೆಯಿಂದ ಅಚ್ಚಿನ ಒಂದು ತುದಿಗೆ, ಆಮೇಲೆ ಇನ್ನೊಂದು ತುದಿಗೆ ಹಗುರಾಗಿ ಬಡಿಯುವುದು. ಎಷ್ಟೋ ವರ್ಷ ಕಾದು ಆರಿದ ಎರಕದ ಕಬ್ಬಿಣ ಜೋರು ಪೆಟ್ಟಿಗೆ ಸೀಳುತ್ತದೆ. "ಶುವೈ ಶುವೈ", ಮೆಲ್ಲಗೆ ಮೆಲ್ಲಗೆ, ಎನ್ನುತ್ತಾರೆ ಹಿರಿಯರು, ಟಾರ್ಚು ಹಿಡಿದುಕೊಂಡು. ಬಿಡಿಸಿಕೊಂಡ ಮೇಲೆ ಗ್ರಾಫೈಟ್ ಪುಡಿ ಸೇರಿದ ದ್ರಾವಣ ಬಿಡಬೇಕು. ಎಂಜಿನ್ ಆಯಿಲ್ ಮಾತ್ರ ಬೇಡವೇ ಬೇಡ. ಎಕ್ಸಾಸ್ಟಿನ ಉರಿಗೆ ಅದು ಸುಟ್ಟು ಮಸಿಯಾಗಿ ಅಚ್ಚನ್ನು ಮತ್ತೆ ಹಿಡಿದುಬಿಡುತ್ತದೆ.

ರೆಕ್ಕೆಯನ್ನು ತಂತಿಯಿಂದ ಕಟ್ಟಿ ಸದಾ ಹೊಗೆಯ ದಾರಿ ಬಿಟ್ಟಿಟ್ಟರಾಯಿತು, ಬಹರೈನಿಗೆ ಇದೆಲ್ಲ ಏಕೆ ಎನ್ನುವವರಿದ್ದಾರೆ. ಬೇಸಿಗೆಯ ಮಟ್ಟಿಗೆ ಅವರ ಮಾತು ಸರಿ. ಕಾಯಿಸುವ ಸ್ಥಿತಿಯಲ್ಲಿ ರೆಕ್ಕೆ ಸಿಕ್ಕಿಕೊಂಡರೆ ಆಗಸ್ಟಿನ ಮಧ್ಯಾಹ್ನ ಕಾರ್ಬೊರೇಟರಿನಲ್ಲೇ ಪೆಟ್ರೋಲು ಕುದಿಯುತ್ತದೆ, ಗಾಡಿ ನಡುರಸ್ತೆಯಲ್ಲಿ ನಿಲ್ಲುತ್ತದೆ. ಆದರೆ ಜನವರಿಯ ಬೆಳಗಿನ 15 ಡಿಗ್ರಿ ಎಂಜಿನ್ನಿಗೆ ಚಳಿಯೇ. ಆವಿಯಾಗದ ಪೆಟ್ರೋಲು ಸಿಲಿಂಡರಿನ ಗೋಡೆಯ ಆಯಿಲನ್ನು ತೊಳೆದುಕೊಂಡು ಕೆಳಗಿಳಿದು ಚೇಂಬರಿನ ಆಯಿಲನ್ನೂ ತೆಳುವಾಗಿಸುತ್ತದೆ. ನಮ್ಮ ಮಲೆನಾಡಿನ ಕಾಫಿ ತೋಟಗಳಿಗೆ ಬಂದ ಮಿಲಿಟರಿ ಡಿಸ್ಪೋಸಲ್ಲಿನ ವಿಲ್ಲೀಸ್ ಜೀಪುಗಳಲ್ಲೂ ಇಂಥದೇ ಗುಂಡು, ಸುರುಳಿ ಇದ್ದವು; ಮಂಜಿನ ಬೆಳಗಿನಲ್ಲಿ ಅದರ ಉಪಯೋಗವನ್ನು ಯಾರಿಗೂ ವಿವರಿಸಬೇಕಿರಲಿಲ್ಲ. ಎರಡು ಹವೆಗೂ ಒಗ್ಗುವಂತೆ ಮಾಡಿದ ವಸ್ತುವನ್ನು ಒಂದೇ ಹವೆಗೆ ಕಟ್ಟಿಹಾಕುವುದು ನನಗೆ ಒಪ್ಪುವುದಿಲ್ಲ. ಹಿರಿಯರಿಗೂ ಅಷ್ಟೇ. ತಂತಿಯ ಮಾತು ಎತ್ತಿದವರಿಗೆ ಅವರು ಖರ್ಜೂರ, ಕಾಫಿ ಕೊಡುತ್ತಾರೆ, ಇಕ್ಕಳ ಕೊಡುವುದಿಲ್ಲ.

ಈಗ ಅಚ್ಚು ಸರಾಗವಾಗಿದೆ. ಸುರುಳಿ ಮಾತ್ರ ದಣಿದಂತಿದೆ. ತಣ್ಣಗಿರುವಾಗಲೂ ರೆಕ್ಕೆಯನ್ನು ಮೊದಲಿನ ಬಿಗಿಯಲ್ಲಿ ಹಿಡಿಯುತ್ತಿಲ್ಲ. ಹೊಸದನ್ನು ಅಮೆರಿಕದಿಂದ ತರಿಸಬೇಕು. ಏಪ್ರಿಲಿನೊಳಗೆ ಬಂದರೆ ಒಳ್ಳೆಯದು, ಆಮೇಲೆ ಹೊತ್ತೇರಿದರೆ ಆ ಬಾನೆಟ್ಟಿಗೆ ಕೈ ಇಡಲಾಗುವುದಿಲ್ಲ.